ಪ್ರಗತಿ ವರದಿಯೊಳಗಿನ ಹಾವು

ಅಮ್ಮ ತೀರಿಕೊಂಡಿದ್ದು ಬಸ್ಸಿನಲ್ಲಿ. ಮಧುಗಿರಿಯಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಡುವ ಪ್ರೈವೇಟ್ ಬಸ್ಸು, ಡ್ರೈವರ್ ಹಿಂದಿನ ಎರಡನೇ ಸಾಲು, ಕಿಟಕಿ ಪಕ್ಕದ ಸೀಟು. ಕಿಟಕಿಯ ಸರಳಿಗೆ ತಲೆ ಆನಿಸಿಕೊಂಡು ಕೂತಿದ್ದಳಂತೆ. ದಿನಾ ಹಾಗೆ ನಿದ್ದೆ ಹೋಗುವವಳೇ ಆದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. ಅವಳ ಕಚೇರಿ ಇದ್ದ ಕೊರಟಗೆರೆಯ ಸ್ಟ್ಯಾಂಡಿನಲ್ಲಿ ಜನ ಇಳಿದರು, ಹತ್ತಿದರು, ಬಸ್ಸು ತುಮಕೂರಿನ ಕಡೆ ಹೊರಟಿತು. ಒಂದಷ್ಟು ದೂರ ಹೋದ ಮೇಲೆ ಕಂಡಕ್ಟರು ಬಂದು, “ಮೇಡಂ, ನಿಮ್ ಸ್ಟಾಪ್ ಹೋಯ್ತಲ್ಲ” ಎಂದು ಭುಜ ಮುಟ್ಟಿದಾಗ ಗೊತ್ತಾಯಿತು. ಹೃದಯ ನಿಂತುಹೋಗಿತ್ತು ಅಂದರು ಆಸ್ಪತ್ರೆಯಲ್ಲಿ. ಅವಳಿಗೆ ಐವತ್ತೊಂದು ವರ್ಷ.

ನನಗೆ ಅಳು ಬರಲಿಲ್ಲ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ದೊಡ್ಡೇರಿ ಕಡೆಯಿಂದ ಬಂದ ದೊಡ್ಡಮ್ಮ ಮೂರು ದಿನವೂ ನನ್ನ ಬೆನ್ನು ಸವರುತ್ತಾ, “ಅತ್ತುಬುಡು ಕಣಮ್ಮ, ಎದೇಲಿ ಇಟ್ಕಬ್ಯಾಡ” ಅನ್ನುತ್ತಿದ್ದಳು. ಎದೆಯಲ್ಲಿ ಇಟ್ಟುಕೊಂಡಿದ್ದೇನೋ ಎಂದು ನಾನೂ ಹುಡುಕಿ ನೋಡಿಕೊಂಡೆ. ಅಲ್ಲಿ ಏನೂ ಇರಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೆ ಬೇರೆ ಯಾರದೋ ಕಾಲನ್ನು ಚಿವುಟಿದ ಹಾಗಿರುತ್ತದಲ್ಲ, ಅಷ್ಟೇ. ತಿಥಿ ಮುಗಿಯಿತು, ನೆಂಟರು ಹೋದರು. ಅಪ್ಪ ತನ್ನ ಟೈಲರ್ ಅಂಗಡಿ ತೆಗೆದ. ನಾನು ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿಗೆ ಪಾಠ ಹೇಳಿಕೊಡಲು ಹೋದೆ. ಬಿಸಿಎ ಮುಗಿಸಿದಾಗಿನಿಂದ ಅಲ್ಲೇ ಇದ್ದೆ.

ಹತ್ತು ತಿಂಗಳಾದ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಅಮ್ಮನ ಇಲಾಖೆಯಲ್ಲೇ ಗುಮಾಸ್ತೆಯ ಕೆಲಸ ಸಿಕ್ಕಿತು. ಖಾಲಿ ಇದ್ದ ಜಾಗ ಅಮ್ಮನದೇ ಆದ್ದರಿಂದ ಕೊರಟಗೆರೆಗೇ ಹಾಕಿದರು. ಇಲಾಖೆ ಯಾವುದು ಅನ್ನುವುದು ಇಲ್ಲಿ ಬೇಡ. ಸಣ್ಣ ಕಚೇರಿ. ಎರಡು ಕೋಣೆ, ಆರು ಜನ, ಮೂರು ಕಂಪ್ಯೂಟರು, ಅದರಲ್ಲಿ ಒಂದು ಕೆಟ್ಟದ್ದು.

ಅದೇ ಬಸ್ಸಿನಲ್ಲಿ ಹೋಗತೊಡಗಿದೆ. ಬೇರೆ ಬಸ್ಸುಗಳು ಬೇಕಾದಷ್ಟಿದ್ದವು, ಆದರೆ ಹತ್ತಕ್ಕೆ ಸರಿಯಾಗಿ ಕಚೇರಿ ಮುಟ್ಟಿಸುತ್ತಿದ್ದುದು ಅದೊಂದೇ. ಮೊದಲ ದಿನ ಕಂಡಕ್ಟರು ಟಿಕೆಟ್ ಹರಿಯುತ್ತಾ ನನ್ನ ಮುಖ ನೋಡಿದ. ಅಮ್ಮನ ಅಚ್ಚು ಎಂದು ಎಲ್ಲರೂ ಹೇಳುತ್ತಾರೆ. ಕೊರಟಗೆರೆ ಇನ್ನೂ ಬರುವ ಮೊದಲೇ ಬಂದು ನನ್ನ ಸೀಟಿನ ಕಂಬಿಯನ್ನು ಎರಡು ಸಲ ತಟ್ಟಿದ.

“ಎಚ್ಚರಾಗೇ ಇದೀನಿ ಅಣ್ಣ” ಅಂದೆ.

ಅವನು ಬಾಗಿಲಿಗೆ ಹೋದ. ಮರುದಿನವೂ ತಟ್ಟಿದ. ನಾನು ಆ ಬಸ್ಸಿನಲ್ಲಿ ಓಡಾಡಿದಷ್ಟು ದಿನವೂ ತಟ್ಟಿದ.

ಕಚೇರಿಯಲ್ಲಿ ನನ್ನನ್ನು ಅಮ್ಮನ ಕುರ್ಚಿಯಲ್ಲೇ ಕೂರಿಸಿದರು. ಎದುರಿನ ಮೇಜು ಶಿರಾ ಆಂಟಿಯದು. ಆಕೆ ಪ್ರಥಮ ದರ್ಜೆ ಸಹಾಯಕಿ, ಅಮ್ಮನಿಗಿಂತ ಏಳೆಂಟು ವರ್ಷ ದೊಡ್ಡವರು, ನಿವೃತ್ತಿಗೆ ಎರಡು ವರ್ಷವಿತ್ತು. ಊರು ಶಿರಾ, ಕೊರಟಗೆರೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಶನಿವಾರ ಊರಿಗೆ ಹೋಗುತ್ತಿದ್ದರು. ನಾನು ಶಾಲೆಯಲ್ಲಿದ್ದಾಗಿನಿಂದ ಹಬ್ಬಕ್ಕೆ ಅಮ್ಮನ ಕೈಯಲ್ಲಿ ಬಿರಿಯಾನಿ, ಖೀರು ಕಳಿಸುತ್ತಿದ್ದುದು ಆಕೆಯೇ. ಬುರ್ಖಾ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿ, ಕನ್ನಡಕ ಒರೆಸಿಕೊಂಡು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಕೂತರೆಂದರೆ ಮಧ್ಯಾಹ್ನ ಊಟದವರೆಗೂ ಏಳುತ್ತಿರಲಿಲ್ಲ. ಮೊದಲ ದಿನ ನನ್ನನ್ನು ನೋಡಿದವರೇ ಕಣ್ಣೀರು ಹಾಕಿದರು. ನಾನು ನಿಂತುಕೊಂಡಿದ್ದೆ. ಕೊನೆಗೆ ಅವರೇ ಕಣ್ಣೊರೆಸಿಕೊಂಡು, “ಕೂತ್ಕೋ ಬೇಟಿ. ಆ ಮೌಸು ಸ್ವಲ್ಪ ಗಟ್ಟಿ, ಒತ್ತಿ ಹಿಡೀಬೇಕು” ಅಂದರು.

ಪಾಸ್‌ವರ್ಡುಗಳನ್ನು ಅಮ್ಮ ಒಂದು ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿಗೆ ಅಂಟಿಸಿದ್ದಳು. ನಾನು ಅವನ್ನೇ ಬಳಸಿದೆ. ನಮ್ಮ ಕೆಲಸವೆಲ್ಲ ಸರ್ವರಿನ ಮೇಲೆ. ಬೆಳಿಗ್ಗೆ ಹನ್ನೊಂದಕ್ಕೆ ಸರ್ವರು ಹೋದರೆ ಒಮ್ಮೊಮ್ಮೆ ನಾಲ್ಕಕ್ಕೆ ಬರುತ್ತಿತ್ತು. ಕೊಳಾಲದಿಂದ, ಇನ್ನೂ ಒಳಗಿನ ಹಳ್ಳಿಗಳಿಂದ ಬಂದವರು ಜಗಲಿಯಲ್ಲಿ ಕಾಯುತ್ತಿದ್ದರು. “ಬಂತೇನವ್ವ?” ಎಂದು ಕಿಟಕಿಯಲ್ಲಿ ತಲೆಹಾಕಿ ಕೇಳುವರು. “ಇನ್ನೂ ಇಲ್ಲ” ಅನ್ನುವುದು ನನ್ನ ಕೆಲಸ. ಉಳಿದ ಹೊತ್ತು ಪರದೆ ನೋಡಿಕೊಂಡು ಕೂರುವುದು.

ಸರ್ವರಿಗೆ ಸೇರದ ಒಂದೇ ಒಂದು ಕೆಲಸವೆಂದರೆ ತಿಂಗಳ ಪ್ರಗತಿ ವರದಿ. ಅದನ್ನು ಎಕ್ಸೆಲ್ಲಿನಲ್ಲಿ ತುಂಬಿ ಜಿಲ್ಲಾ ಕಚೇರಿಗೆ ಮೇಲ್ ಮಾಡಬೇಕು. ಅಮ್ಮ ಒಂದೇ ಫೈಲಿನಲ್ಲಿ ತಿಂಗಳಿಗೊಂದು ಹಾಳೆಯಂತೆ ವರ್ಷಗಟ್ಟಲೆ ಇಟ್ಟುಕೊಂಡು ಬಂದಿದ್ದಳು. ಒಂದು ದಿನ ಸರ್ವರು ಇಲ್ಲದಾಗ ಹಳೆಯ ತಿಂಗಳುಗಳನ್ನು ಒಂದೊಂದಾಗಿ ತೆರೆದು ನೋಡುತ್ತಾ ಕೊನೆಗೆ ಹೋದೆ. ಕಟ್ಟಕಡೆಯ ಹಾಳೆಗೆ ‘ಖಾಲಿ’ ಎಂದು ಹೆಸರು ಕೊಟ್ಟಿದ್ದಳು. ತೆರೆದರೆ ರಂಗೋಲಿ.

ಹಾಳೆಯ ಗೆರೆಗಳ ನಡುವಿನ ಮನೆಗಳನ್ನೆಲ್ಲ ಚಿಕ್ಕದು ಮಾಡಿ, ಅಗಲ ಎತ್ತರ ಸಮ ಮಾಡಿ, ಒಂದೊಂದು ಮನೆಗೂ ಬಣ್ಣ ತುಂಬಿ, ಹದಿನೈದು ಚುಕ್ಕಿಯ ರಂಗೋಲಿ. ಕೆಳಗೆ ಇನ್ನೊಂದು, ಅದರ ಕೆಳಗೆ ನವಿಲು, ಅರ್ಧಕ್ಕೆ ನಿಂತಿದ್ದ ಒಂದು ತಾವರೆ. ಮನೆಯ ಮುಂದೆ ಅಮ್ಮ ಇಷ್ಟು ದೊಡ್ಡ ರಂಗೋಲಿ ಬಿಟ್ಟಿದ್ದನ್ನು ನಾನು ನೋಡಿಯೇ ಇರಲಿಲ್ಲ. ಅವಳಿಗೆ ಬೆಳಿಗ್ಗೆ ಪುರಸೊತ್ತಿರುತ್ತಿರಲಿಲ್ಲ. ನೀರು ಚೆಲ್ಲಿ ಎರಡೆಳೆ ಎಳೆದು ಒಲೆ ಮುಂದೆ ಓಡುತ್ತಿದ್ದಳು.

“ಸರ್ವರ್ ಇಲ್ದಾಗ ಮಾಡ್ತಿದ್ಲು” ಅಂದರು ಶಿರಾ ಆಂಟಿ, ಎದುರಿನಿಂದ ಎದ್ದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಾ. “ಬಣ್ಣ ನಾನು ಹೇಳ್ತಿದ್ದೆ. ಆ ನವಿಲಿಗೆ ಊದಾ ಹಾಕು ಅಂದಿದ್ದು ನಾನೇ.”

ನನಗೆ ದುಃಖವಾಗಬೇಕಿತ್ತು. ನನಗೆ ತೋಚಿದ್ದು ಬೇರೆ. ಮನೆಗಳೆಲ್ಲ ಚೌಕವಾಗಿವೆ, ಸಾಲಾಗಿವೆ, ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಕೊಡಬಹುದು, ಹಾಗಾದರೆ ಇದರಲ್ಲಿ ಹಳೆಯ ಬಟನ್ ಫೋನಿನ ಹಾವಿನ ಆಟ ಆಡಿಸಬಹುದು ಎಂದು.

ಅವತ್ತೇ ಶುರು ಮಾಡಿದೆ. ಎಕ್ಸೆಲ್ಲಿನೊಳಗೆ ಮ್ಯಾಕ್ರೋ ಎಂದು ಒಂದಿರುತ್ತದೆ. ಮಾಡಬೇಕಾದ ಕೆಲಸವನ್ನು ಸಾಲಾಗಿ ಬರೆದಿಟ್ಟರೆ ಅದು ತಾನೇ ಮಾಡಿಕೊಂಡು ಹೋಗುತ್ತದೆ. ಸೆಂಟರಿನಲ್ಲಿ ಅದನ್ನು ಕೊನೆಯ ಪಾಠವಾಗಿ ಹೇಳಿಕೊಡುತ್ತಿದ್ದೆ, ಅಷ್ಟು ಹೊತ್ತಿಗೆ ಅರ್ಧ ಮಕ್ಕಳು ಬಿಟ್ಟುಹೋಗಿರುತ್ತಿದ್ದರು. ಹೊಸ ಹಾಳೆಯೊಂದನ್ನು ಕಪ್ಪು ಮಾಡಿದೆ. ಸುತ್ತ ಬೂದು ಬಣ್ಣದ ಗೋಡೆ. ನಡುವೆ ಮೂರು ಹಸಿರು ಮನೆ, ಅದು ಹಾವು. ಒಂದು ಕೆಂಪು ಮನೆ, ಅದು ತಿಂಡಿ. ಹಾವು ಮುಂದೆ ಹೋಗುವುದೆಂದರೆ ಮುಂದಿನ ಮನೆಗೆ ಹಸಿರು ತುಂಬಿ ಬಾಲದ ಮನೆಯನ್ನು ಕಪ್ಪು ಮಾಡುವುದು, ಇಷ್ಟೇ. ಮೊದಲ ದಿನ ಬಾಲ ಅಳಿಸುವುದನ್ನೇ ಮರೆತಿದ್ದೆ. ಹಾವು ಹೋದಲ್ಲೆಲ್ಲ ಹಸಿರು ಬಿಟ್ಟುಕೊಂಡು ಹೋಗಿ ಸ್ವಲ್ಪ ಹೊತ್ತಿನಲ್ಲಿ ಹಾಳೆಯೆಲ್ಲ ನಾಟಿ ಮಾಡಿದ ಗದ್ದೆಯಾಯಿತು. ಎರಡನೇ ದಿನ ಬಾಲ ಸರಿಹೋಯಿತು, ಆದರೆ ತಿಂಡಿ ಒಮ್ಮೊಮ್ಮೆ ಹಾವಿನ ಹೊಟ್ಟೆಯೊಳಗೇ ಹುಟ್ಟುತ್ತಿತ್ತು. ಅದನ್ನು ತಿದ್ದಲು ಒಂದು ವಾರ ಬೇಕಾಯಿತು. ದಿನಕ್ಕೆ ಸಿಗುತ್ತಿದ್ದುದು ಸರ್ವರು ಇಲ್ಲದ ಹೊತ್ತು ಮಾತ್ರ.

ಅದರಲ್ಲಿ ಖುಷಿ ಇತ್ತು ಅಂದರೆ ಸುಳ್ಳು ಹೇಳಿದಂತಾಗುತ್ತದೆ. ಹೊತ್ತು ಹೋಗುತ್ತಿತ್ತು. ಬೆಳಿಗ್ಗೆ ಹನ್ನೊಂದು ಆಗಿದ್ದದ್ದು ನೋಡುತ್ತಿದ್ದಂತೆ ಎರಡಾಗಿರುತ್ತಿತ್ತು. ಆ ದಿನಗಳಲ್ಲಿ ನನಗೆ ಬೇಕಾಗಿದ್ದುದು ಅಷ್ಟೇ.

ಹಾವು ಸೆಕೆಂಡಿಗೆ ಒಂದು ಮನೆಯಷ್ಟೇ ಹೋಗುತ್ತಿತ್ತು. ಇದನ್ನು ಮೊದಲು ಕಂಡವರು ಶಿರಾ ಆಂಟಿ.

“ಏನದು ಹಸಿರು ಹುಳ?”

“ಹಾವು ಆಂಟಿ. ಬಾಣದ ಗುರುತಿನ ಕೀ ಒತ್ತಿದ್ರೆ ತಿರುಗುತ್ತೆ. ಕೆಂಪನ್ನ ತಿನ್ನಿಸ್ಬೇಕು. ಗೋಡೆಗೆ ತಗಲಬಾರದು.”

“ತಗಲಿದ್ರೆ?”

“ಸಾಯುತ್ತೆ.”

 ಅವರು ನನ್ನ ಕುರ್ಚಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಸ್ಟೂಲು ಎಳೆದುಕೊಂಡು ಕೂತು, ಎರಡು ಬೆರಳಿನಿಂದ ಕೀ ಒತ್ತಲು ಶುರು ಮಾಡಿದರು. ಮೊದಲ ಸಲ ನಾಲ್ಕು ತಿಂಡಿ. ಊಟದ ಹೊತ್ತಿಗೆ ಒಂಬತ್ತು.

ಮುಂದಿನ ವಾರ ಹಾವು ಜೋರಾಗಿ ಓಡುವ ಹಾಗೆ ಮಾಡಿದೆ, ಫೋನಿನಲ್ಲಿ ಇದ್ದಂತೆ. ಅವರು ಒಂದು ಸಲ ಆಡಿ ಕೈಬಿಟ್ಟರು. “ನಂಗೆ ಹಳೇದೇ ಹಾಕ್ಕೊಡು ಬೇಟಿ. ಇದು ಓಡೋದು ನೋಡಿದ್ರೆ ಬಿಪಿ ಏರ್ತದೆ.” ಹಾಗಾಗಿ ‘ನಿಧಾನ’ ಎಂದೊಂದು ಗುಂಡಿ, ‘ಜೋರು’ ಎಂದೊಂದು ಗುಂಡಿ ಇಟ್ಟೆ. ಪಕ್ಕದಲ್ಲಿ ಯಾರು ಎಷ್ಟು ತಿನ್ನಿಸಿದರು ಎಂಬ ಪಟ್ಟಿ. ಶಿರಾ ಆಂಟಿ, ಅಟೆಂಡರ್ ಅಣ್ಣ, ಸಾಹೇಬರ ಡ್ರೈವರು. ಊಟದ ಹೊತ್ತಿನಲ್ಲಿ ಡಬ್ಬಿ ತೊಳೆದುಕೊಂಡು ಬಂದು ನನ್ನ ಮೇಜಿನ ಹತ್ತಿರ ಒಬ್ಬೊಬ್ಬರೇ ನಿಲ್ಲುತ್ತಿದ್ದರು. ಸಾಹೇಬರಿಗೆ ಮಾತ್ರ ಗೊತ್ತಿರಲಿಲ್ಲ. ಅವರು ಊಟಕ್ಕೆ ಮನೆಗೆ ಹೋಗುತ್ತಿದ್ದರು.

ಶಿರಾ ಆಂಟಿ ಆಡುವಾಗ ಅಮ್ಮನ ವಿಷಯ ಹೇಳುತ್ತಿದ್ದರು. ಎದುರುಬದುರು ಕೂತಾಗ ನನ್ನ ಮುಖ ನೋಡಿ ಅವರಿಗೆ ಮಾತು ಬರುತ್ತಿರಲಿಲ್ಲ. ಹಾವಿನ ಮೇಲೆ ಕಣ್ಣಿದ್ದಾಗ ಬರುತ್ತಿತ್ತು. ಅಮ್ಮ ಮಧ್ಯಾಹ್ನ ಡಬ್ಬಿಯ ಚಿತ್ರಾನ್ನದಲ್ಲಿ ಕಡಲೆಬೀಜ ಮಾತ್ರ ಆರಿಸಿ ಕೊನೆಗೆ ತಿನ್ನುತ್ತಿದ್ದಳಂತೆ. ಒಂದು ಸಲ ಒಬ್ಬ ಗಿರಾಕಿ ಬೈದು ಹೋದಾಗ ರೆಕಾರ್ಡ್ ರೂಮಿನಲ್ಲಿ ನಿಂತು ಅತ್ತು, ಮುಖ ತೊಳೆದುಕೊಂಡು ಬಂದು ಅವನದೇ ಅರ್ಜಿ ಮೊದಲು ಮಾಡಿಕೊಟ್ಟಳಂತೆ. ನಾನು ಕೇಳಿಸಿಕೊಳ್ಳುತ್ತಿದ್ದೆ. ಪಕ್ಕದ ಮನೆಯವರ ವಿಷಯ ಕೇಳಿದ ಹಾಗಿರುತ್ತಿತ್ತು.

ಒಂದು ದಿನ ಕೇಳಿದೆ. “ಈ ಬಣ್ಣ ತುಂಬೋದು ಅಮ್ಮಂಗೆ ಯಾರು ಹೇಳ್ಕೊಟ್ರು?”

“ತಾಲ್ಲೂಕು ಪಂಚಾಯ್ತಿಲಿ ಒಬ್ಬ ಆಪರೇಟರ್ ಇದ್ದ. ಅವನ ಹತ್ರ ಹೋಗಿ ಕಲ್ತು ಬಂದ್ಲು.” ಹಾವು ತಿರುವಿನಲ್ಲಿತ್ತು, ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ನಾನಂದೆ, ಅಲ್ಲಮ್ಮಾ, ಮನೇಲೇ ಟೀಚರ್ ಮಗಳನ್ನ ಇಟ್ಕೊಂಡು ಅವನ ಹತ್ರ ಯಾಕೆ ಹೋಗ್ತೀಯಾ ಅಂತ. ಅವಳನ್ನ ಕೇಳಕ್ಕೆ ನಾಚ್ಕೆ ಕಣಕ್ಕಾ ಅಂದ್ಲು. ದಿನಾ ಅಷ್ಟು ಜನಕ್ಕೆ ಹೇಳಿ ಬಂದಿರ್ತಾಳೆ, ಸುಸ್ತಾಗಿರ್ತಾಳೆ ಅಂತ.”

ಅಮ್ಮ ಒಂದು ಸಲ ಕೇಳಿದ್ದಳು. ನಾನು ಮೊಬೈಲ್ ನೋಡುತ್ತಾ ಮಲಗಿದ್ದೆ. “ಈ ಮನೆ ಎಲ್ಲಾ ಒಂದೇ ಸಮ ಮಾಡೋದು ಹೆಂಗೆ?” ಎಂದು ಬಾಗಿಲಲ್ಲಿ ನಿಂತು ಕೇಳಿದಳು. “ಅದೆಲ್ಲ ನಿಂಗ್ಯಾಕಮ್ಮ? ನಂಬರ್ ತುಂಬಿದ್ರೆ ಸಾಕಲ್ವಾ?” ಅಂದಿದ್ದೆ. ಹೌದು ಬಿಡು ಎಂದು ಹೋದಳು. ಅದು ನೆನಪಾಯಿತು. ಶಿರಾ ಆಂಟಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಸಮಾಧಾನ ಮಾಡುತ್ತಿದ್ದರು. ಸಮಾಧಾನ ಮಾಡಿಸಿಕೊಳ್ಳಲು ನನ್ನ ಹತ್ತಿರ ಏನಾದರೂ ಇರಬೇಕಿತ್ತಲ್ಲ.

ಆಟ ಮಾಡಿ ಮೂರು ತಿಂಗಳಾಗಿರಬೇಕು. ವರದಿ ಕಳಿಸುವ ದಿನ. ಬೆಳಿಗ್ಗೆಯಿಂದ ಜಿಲ್ಲಾ ಕಚೇರಿಯಿಂದ ಎರಡು ಸಲ ಫೋನು ಬಂದಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಟೆಂಡರ್ ಅಣ್ಣ ಆಡುತ್ತಿದ್ದಾಗ ಕರೆಂಟು ಹೋಯಿತು. ಯುಪಿಎಸ್ಸು ಕಿರ್ರೆಂದು ಕೂಗಿಕೊಳ್ಳತೊಡಗಿತು. ಅದು ಐದು ನಿಮಿಷಕ್ಕಿಂತ ಹೆಚ್ಚು ತಡೆಯುತ್ತಿರಲಿಲ್ಲ. ಅವನನ್ನು ಎಬ್ಬಿಸಿ, ಫೈಲು ಸೇವ್ ಮಾಡಿ, ಹಾಗೇ ಇ-ಮೇಲ್‌ಗೆ ಲಗತ್ತಿಸಿ ಕಳಿಸಿಬಿಟ್ಟೆ. ಪ್ರತಿ ತಿಂಗಳೂ ಆಟದ ಹಾಳೆ ತೆಗೆದ ಒಂದು ಪ್ರತಿ ಬೇರೆ ಮಾಡಿ ಕಳಿಸುತ್ತಿದ್ದೆ. ಅವತ್ತು ಮಾಡಲಿಲ್ಲ. ಫೈಲು ಯಾವ ಹಾಳೆಯ ಮೇಲೆ ಸೇವ್ ಆಗಿರುತ್ತದೋ ಅದೇ ಹಾಳೆಯ ಮೇಲೆ ತೆರೆದುಕೊಳ್ಳುತ್ತದೆ. ಇದನ್ನೂ ನಾನು ಸೆಂಟರಿನಲ್ಲಿ ಪಾಠ ಮಾಡಿದವಳೇ.

ಎರಡು ದಿನ ಬಿಟ್ಟು ತುಮಕೂರಿನಲ್ಲಿ ಪ್ರಗತಿ ಪರಿಶೀಲನಾ ಸಭೆ. ಎಲ್ಲ ತಾಲ್ಲೂಕಿನ ಅಧಿಕಾರಿಗಳೂ ಇರುತ್ತಾರೆ, ಒಂದೊಂದೇ ತಾಲ್ಲೂಕಿನ ವರದಿಯನ್ನು ಗೋಡೆಯ ಪರದೆ ಮೇಲೆ ಬಿಡುತ್ತಾರೆ. ನಡೆದದ್ದನ್ನು ನನಗೆ ಆಮೇಲೆ ಹೇಳಿದ್ದು ಸಾಹೇಬರ ಡ್ರೈವರು. ಅವನು ಅವತ್ತು ಫೈಲು ಹಿಡಿದುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ. ಮಧುಗಿರಿ ಮುಗಿದು ಕೊರಟಗೆರೆಯದು ಬಂತು. ಪರದೆ ಕಪ್ಪಾಯಿತು. ನಡುವೆ ಮೂರು ಹಸಿರು ಮನೆ, ಮೇಲೆ ‘ಆಟ ಶುರು ಮಾಡಲು ಬಾಣದ ಕೀ ಒತ್ತಿ’ ಎಂಬ ಸಾಲು. ಕಂಪ್ಯೂಟರಿನ ಮುಂದಿದ್ದ ಹುಡುಗಿ ಗಾಬರಿಯಾಗಿ ಹಾಳೆ ಸರಿಸಲೆಂದು ಬಾಣದ ಕೀಯನ್ನೇ ಒತ್ತಿದಳು. ಹಾವು ಹೊರಟಿತು. ಅಷ್ಟು ಜನ ಅಧಿಕಾರಿಗಳ ಮುಂದೆ ನಿಧಾನವಾಗಿ, ಸೆಕೆಂಡಿಗೆ ಒಂದು ಮನೆಯಂತೆ, ಬಲಗಡೆಗೆ ಹೋಯಿತು.  ಗೋಡೆಗೆ ತಗಲಿ ‘ಹಾವು ಸತ್ತಿತು. ಮತ್ತೆ ಆಡುತ್ತೀರಾ?’ ಎಂದು ಬಂತು. ಪಕ್ಕದಲ್ಲಿ ಪಟ್ಟಿ. ಅದರಲ್ಲಿ ಮೂರನೆಯವನು ತಾನೇ ಎಂದು ಹೇಳುವಾಗ ಡ್ರೈವರನಿಗೆ ನಗು ತಡೆಯಲಾಗಲಿಲ್ಲ, ಪಾಪ. ನನ್ನ ಮುಖ ನೋಡಿ ನಿಲ್ಲಿಸಿದ.

ಸಾಹೇಬರು ಮೂರೂವರೆಗೆ ವಾಪಸ್ಸು ಬಂದರು. ಬಂದವರೇ ಒಳಗೆ ಕರೆದರು.

“ಯಾರು ಮಾಡಿದ್ದು ಅದು?”

“ನಾನು ಸರ್.”

“ಯಾಕೆ?”

 “ಸರ್ವರ್ ಇರ್ಲಿಲ್ಲ ಸರ್” ಅಂದೆ.

ಅವರು ಕೆಟ್ಟ ಮನುಷ್ಯರಲ್ಲ. ಅಮ್ಮನ ಮಣ್ಣಿಗೆ ಬಂದು ಬಿಸಿಲಲ್ಲಿ ಎರಡು ತಾಸು ನಿಂತಿದ್ದವರು. ನನ್ನ ಅರ್ಜಿಯನ್ನು ತಾವೇ ಬೆಂಗಳೂರಿಗೆ ಒಯ್ದು ಕೊಟ್ಟವರು. ಅವರ ಜೇಬಿನ ಮೂಲೆಯಲ್ಲಿ ಪೆನ್ನಿನ ಶಾಯಿ ಇಳಿದು ಬೇಳೆಕಾಳಿನಷ್ಟು ನೀಲಿ ಆಗಿತ್ತು. ನಾನು ಅದನ್ನೇ ನೋಡುತ್ತಿದ್ದೆ.

“ನೋಡಮ್ಮ, ನೀನಿನ್ನೂ ಪ್ರೊಬೇಷನ್‌ನಲ್ಲಿದೀಯ. ಇದು ಆಟದ ವಿಷಯ ಅಲ್ಲ. ಹೊರಗಡೆ ಜನ ಬಿಸಿಲಲ್ಲಿ ಕಾಯ್ತಿರ್ತಾರೆ, ಒಳಗೆ ನಾವು ಹಾವಾಡಿಸ್ತಾ ಕೂತಿದೀವಿ ಅಂತ ಆಗಲ್ವಾ? ನಿಮ್ಮಮ್ಮ ಇಪ್ಪತ್ತು ವರ್ಷ ಇಲ್ಲಿ ಕೆಲಸ ಮಾಡಿದ್ರು. ಒಂದು ದಿನ ಒಂದು ಮಾತು ಅನ್ನಿಸ್ಕೊಳ್ಳಲಿಲ್ಲ.”

ಈ ಮಾತು ನಾಟಲಿ ಎಂದೇ ಹೇಳಿದ್ದು. ನಾಟುವ ಜಾಗಕ್ಕೆ ಬಂದಿತು ಎಂದೂ ಗೊತ್ತಾಯಿತು. ಆದರೆ ಅಲ್ಲಿಗೆ ಬಂದು ನಿಂತುಬಿಟ್ಟಿತು. ನಾನು “ಹೌದು ಸರ್” ಅಂದೆ. ಅಳಬಹುದು ಎಂದು ಅವರು ಕಾದ ಹಾಗಿತ್ತು. ಅತ್ತಿದ್ದರೆ ಅವರಿಗೂ ಸುಲಭವಾಗುತ್ತಿತ್ತು.

ಬಾಗಿಲಲ್ಲಿ ಶಿರಾ ಆಂಟಿ ನಿಂತಿದ್ದರು. ಕರೆಯದೆಯೇ ಒಳಗೆ ಬಂದರು.

“ನಾನೂ ಆಡಿದೀನಿ ಸರ್. ಪಟ್ಟೀಲಿ ಎಲ್ಲರಿಗಿಂತ ಮೇಲೆ ನಾನೇ ಇದೀನಿ. ನನ್ನ ಹೆಸರೂ ಬರೀರಿ.”

“ನೀವು ಹೊರಗಿರಿ ಮೇಡಂ. ನಿವೃತ್ತಿ ಹತ್ತಿರ ಇದೆ ನಿಮಗೆ.”

“ಅದಕ್ಕೇ ಹೇಳ್ತಿರೋದು. ನಂಗೇನಾಗ್ತದೆ ಇನ್ನು? ಹಿರಿಯಳು ನಾನು. ಬೇಡ ಅನ್ಬೇಕಿತ್ತು, ಅನ್ಲಿಲ್ಲ. ಬೆಳಿಗ್ಗೆ ಬಂದು ಗೋಡೆ ನೋಡ್ಕೊಂಡು ಕೂರ್ತಿದ್ದ ಹುಡುಗಿ, ಏನೋ ಒಂದು ಮಾಡ್ತಿದಾಳಲ್ಲ ಅಂತ ಸುಮ್ನಿದ್ದೆ.”

 ಸಾಹೇಬರು, “ಮೊದಲು ಅದನ್ನ ತೆಗೀರಿ. ನನ್ನ ಕಣ್ಣೆದುರಿಗೆ” ಎಂದು ಎದ್ದರು.

ಮೂವರೂ ನನ್ನ ಮೇಜಿಗೆ ಬಂದೆವು. ನಾನು ಕೂತೆ, ಅವರಿಬ್ಬರು ಹಿಂದೆ ನಿಂತರು. ಆಟದ ಹಾಳೆಯ ಹೆಸರಿನ ಮೇಲೆ ಒತ್ತಿ ಅಳಿಸು ಎಂದು ಕೊಟ್ಟೆ. ಅಳಿಸಿದರೆ ಮತ್ತೆ ಬರುವುದಿಲ್ಲ, ಸರಿಯೇ ಎಂದು ಕೇಳಿತು. ಸರಿ. ಹಾಳೆ ಹೋಯಿತು, ಅದರ ಪಕ್ಕದ್ದು ತೆರೆದುಕೊಂಡಿತು. ನವಿಲು, ರಂಗೋಲಿ.

“ಇದೇನಿದು?” ಅಂದರು ಸಾಹೇಬರು.

“ಅದು ಅವರಮ್ಮ ಮಾಡಿದ್ದು ಸರ್” ಅಂದರು ಶಿರಾ ಆಂಟಿ.

ಅವರು ಬಗ್ಗಿ ನೋಡಿದರು. ಕನ್ನಡಕ ಮೇಲೆತ್ತಿಕೊಂಡು ಮತ್ತೆ ನೋಡಿದರು. “ಇದಿರ್ಲಿ ಬಿಡಮ್ಮ” ಅಂದರು.

ಅಷ್ಟರಲ್ಲಿ ನನ್ನ ಬೆರಳು ಒತ್ತಿಯಾಗಿತ್ತು. ಮೊದಲ ಹಾಳೆಗೆ ಮಾಡಿದ್ದನ್ನೇ ಕೈ ಇದಕ್ಕೂ ಮಾಡಿತ್ತು. ಸರಿಯೇ ಎಂದು ಕೇಳಿದ್ದಕ್ಕೆ ಸರಿ ಎಂದೂ ಒತ್ತಿದ್ದೆ. ಫೈಲು ಸೇವ್ ಕೂಡ ಮಾಡಿದೆ. ಹಿಂದೆ ಶಿರಾ ಆಂಟಿ “ಯಾ ಅಲ್ಲಾ” ಎಂದು ಮೆಲ್ಲಗೆ ಅಂದದ್ದು ಕೇಳಿಸಿತು. ಸಾಹೇಬರು ಒಳಗೆ ಹೋದರು. ಜಿಲ್ಲಾ ಕಚೇರಿಯ ಹಳೆಯ ಇ-ಮೇಲ್‌ಗಳಲ್ಲಿ ಆ ರಂಗೋಲಿಯ ಒಂದು ಪ್ರತಿ ಇದ್ದೇ ಇರುತ್ತದೆ. ಕೇಳಿದರೆ ಕೊಟ್ಟಾರು. ಇವತ್ತಿನವರೆಗೂ ಕೇಳಿಲ್ಲ.

ನೋಟಿಸು ಬಂತು. ಏಳು ದಿನದೊಳಗೆ ಉತ್ತರ ಕೊಡಬೇಕು. ಮಾಡಿದ್ದು ನಾನೇ, ಕಚೇರಿಯ ವೇಳೆಯಲ್ಲೇ ಮಾಡಿದೆ, ಇನ್ನು ಮಾಡುವುದಿಲ್ಲ ಎಂದು ಮೂರು ಸಾಲು ಬರೆದೆ. ಅನುಕಂಪ, ತಾಯಿಯ ಸಾವು, ಮನಸ್ಸಿನ ಸ್ಥಿತಿ ಎಲ್ಲ ಸೇರಿಸಿ ಬರೆಯಮ್ಮ ಎಂದು ಶಿರಾ ಆಂಟಿ ಹೇಳಿದರು. ಇಲ್ಲದ ಸ್ಥಿತಿಯನ್ನು ಹೇಗೆ ಬರೆಯುವುದು? ಒಂದು ತಿಂಗಳಾದ ಮೇಲೆ ಎಚ್ಚರಿಕೆ ಕೊಟ್ಟು ಬಿಟ್ಟರು. ಪ್ರೊಬೇಷನ್ ಆರು ತಿಂಗಳು ಮುಂದೆ ಹೋಯಿತು. ಮುಂದಿನ ಆದೇಶದವರೆಗೆ ಪಾವಗಡಕ್ಕೆ ನಿಯೋಜನೆ.

ಹೊರಡುವ ಹಿಂದಿನ ದಿನ ಊಟ ಮಾಡುವಾಗ ಅಪ್ಪ ಕೇಳಿದ. ಅವನು ಹಾಗೆಲ್ಲ ಕೇಳುವವನಲ್ಲ. ಅಮ್ಮ ಹೋದಮೇಲೆ ನಾವಿಬ್ಬರೂ ಮುದ್ದೆ, ಸಾರು, ಬಟ್ಟೆ, ಬಸ್ಸು ಇಷ್ಟರಲ್ಲೇ ಮಾತು ಮುಗಿಸುತ್ತಿದ್ದೆವು.

“ಅದೇನೋ ಆಟ ಮಾಡಿದ್ಯಂತೆ.”

“ಹೂಂ.”

“ಏನಾಟ?”

“ಹಾವಿಂದು.”

ಅಪ್ಪ ತುತ್ತು ನುಂಗಿ ನೀರು ಕುಡಿದ. “ನಿಮ್ಮಮ್ಮಂಗೆ ಹಾವು ಅಂದ್ರೆ ಆಯ್ತಿರ್ಲಿಲ್ಲ” ಅಂದ. ಕೈ ತೊಳೆದು ಬಂದು, “ಪಾವಗಡದಲ್ಲಿ ಬಿಸ್ಲು ಜಾಸ್ತಿ. ಕಾಟನ್ ಹಾಕ್ಕೊ” ಎಂದು ತಾನೇ ಹೊಲಿದ ಎರಡು ಚೂಡಿದಾರ ಬ್ಯಾಗಿನ ಮೇಲೆ ತಂದಿಟ್ಟ. ಅಳತೆ ಕೇಳಿರಲಿಲ್ಲ. ಸರಿಯಾಗೇ ಕೂತವು.

ಪಾವಗಡದಲ್ಲಿ ನಾನು ಹೋಗುವ ಮೊದಲೇ ಸುದ್ದಿ ಹೋಗಿತ್ತು. ಅಲ್ಲಿ ಕಚೇರಿಯೊಳಗೆ ಕನ್ನಡ ಎಷ್ಟೋ ತೆಲುಗೂ ಅಷ್ಟೇ. ಮೊದಲ ದಿನ ಅಲ್ಲಿನ ಅಟೆಂಡರು ನನ್ನನ್ನು ಕೂರಿಸಿ, ನೀರು ತಂದುಕೊಟ್ಟು, “ಮೇಡಂ, ಪಾಮು ತಂದಿದೀರಾ?” ಎಂದು ಕೇಳಿದ. ನನಗೆ ಫಾರಂ ಎಂದು ಕೇಳಿಸಿತು. ಕರ್ತವ್ಯಕ್ಕೆ ಹಾಜರಾದ ವರದಿಯ ಫಾರಮ್ಮು ತೆಗೆದು ಅವನ ಕೈಗೆ ಕೊಟ್ಟೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ತೆಲುಗಿನಲ್ಲಿ ಪಾಮು ಅಂದರೆ ಹಾವು ಎಂದು ಆಮೇಲೆ ಯಾರೋ ಹೇಳಿದರು. ಅಲ್ಲಿದ್ದಷ್ಟು ದಿನವೂ ನಾನು ಪಾಮು ಮೇಡಂ. ಒಂದು ಬಿಡಿ ಮೇಡಂ, ಒಂದೇ ಒಂದು, ಎಂದು ಕೇಳುತ್ತಿದ್ದರು. ಬಿಡಲಿಲ್ಲ. ಅವರ ವರದಿಗಳನ್ನು ಕೈಯಲ್ಲಿ ಕೂಡಿ ಬರೆಯುತ್ತಿದ್ದರು, ಅದನ್ನು ತಾನೇ ಕೂಡುವ ಹಾಗೆ ಮಾಡಿಕೊಟ್ಟೆ. ಅದು ಬೇರೆ ತಾಲ್ಲೂಕುಗಳಿಗೂ ಹೋಯಿತು. ಯಾರು ಮಾಡಿದ್ದೆಂದು ಯಾರೂ ಕೇಳಲಿಲ್ಲ.

ನನ್ನ ಕೋಣೆಯ ಮಾಲೀಕಳು ಒಬ್ಬಂಟಿ ಹೆಂಗಸು. ಸಂಜೆ ನಾನು ಕಟ್ಟೆ ಮೇಲೆ ಸುಮ್ಮನೆ ಕೂತಿದ್ದರೆ, “ಏಂಟಮ್ಮಾ, ಅನ್ನ ತಿಂದ್ಯಾ ಲೇದಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಸುಲಿದೆ. ಹೀಗೆ ಒಂದು ವರ್ಷ ಆಯಿತು. ಆರು ತಿಂಗಳು ಮುಂದೆ ಹಾಕಿದ್ದ ಪ್ರೊಬೇಷನ್ ಅಲ್ಲೇ ಇದ್ದಾಗ ಮುಗಿಯಿತು.

ಶಿರಾ ಆಂಟಿಯ ಬೀಳ್ಕೊಡುಗೆಗೆ ಹೋಗಲಾಗಲಿಲ್ಲ, ಅವತ್ತು ಸಭೆ ಇತ್ತು. ಅದಾಗಿ ಎರಡು ವಾರಕ್ಕೆ ಒಂದು ಭಾನುವಾರ ಪಾವಗಡದಿಂದ ಬಸ್ಸು ಹತ್ತಿ ಶಿರಾಕ್ಕೆ ಹೋದೆ. ಅವರ ಮನೆ ಹಳೇ ಪೇಟೆಯ ಸಂದಿಯಲ್ಲಿ. ಅಲ್ಲಿ ಅವರು ಬೇರೆ ಥರ ಕಂಡರು, ಚಿಕ್ಕವರಾಗಿ, ತಲೆಗೆ ಬಿಳಿ ದುಪಟ್ಟ ಹೊದ್ದು. ಸೊಸೆಯನ್ನು ಕರೆದು, “ನನ್ನ ಫ್ರೆಂಡ್ ಮಗಳು” ಎಂದು ಪರಿಚಯ ಮಾಡಿಸಿದರು. ಒಂದೇ ಕಚೇರಿಯಲ್ಲಿ ಕೆಲಸ ಮಾಡಿದೆವು ಎಂದು ಹೇಳಲಿಲ್ಲ.

ಚಾಪೆ ಹಾಸಿ ಊಟಕ್ಕಿಟ್ಟರು. ಸೊಸೆ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದರು.

“ಈಗ ಅಳು ಬರ್ತದಾ ಬೇಟಿ?”

“ಇಲ್ಲ ಆಂಟಿ.”

“ಕನಸಲ್ಲಿ ಬರ್ತಾಳಾ?”

“ಇಲ್ಲ.”

“ನಂಗೆ ಬರ್ತಾಳೆ” ಅಂದರು. ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು. “ಅಳು ಬಂದಾಗ ಬರ್ಲಿ. ಬರ್ದಿದ್ರೂ ನಡೀತದೆ. ಅಳೋರೆಲ್ಲ ಅಷ್ಟು ಪ್ರೀತಿ ಮಾಡಿದ್ರು ಅಂತಿಲ್ಲ. ತಿನ್ನು.”

ತಿಂದೆ. ಮಟನ್ ಸಾರಿಗೆ ಉಪ್ಪು ಸಾಲದಾಗಿತ್ತು. ಹೇಳಬಾರದು ಎಂದುಕೊಂಡೆ, ಆದರೆ ಹೇಳಿದೆ. ಅವರು ತಾವೂ ಬೆರಳಿಂದ ನೆಕ್ಕಿ ನೋಡಿ, “ಹೌದಲ್ಲ” ಎಂದು ಸೊಸೆಯನ್ನು ಕೂಗಿದರು. ಆಕೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಉಪ್ಪಿನ ಡಬ್ಬಿಯನ್ನು ನಮ್ಮಿಬ್ಬರ ನಡುವೆ ಇಟ್ಟುಹೋದಳು.